ಟೈಪಿಂಗ್ ಪರೀಕ್ಷೆಗೆ ಮುನ್ನ ನಾಲ್ಕು ಲೋಟ ಚಹಾ

ಹರಪನಹಳ್ಳಿಯ ಬಸ್ ಸ್ಟ್ಯಾಂಡಿನಿಂದ ಟೈಪಿಂಗ್ ಪರೀಕ್ಷೆ ನಡೆಯುವ ಶಾಲೆಗೆ ಹೋಗುವ ದಾರಿಯಲ್ಲೇ ನಮ್ಮ ನೆಂಟರ ಐದು ಮನೆಗಳಿದ್ದವು. ಇದಕ್ಕಿಂತ ದೊಡ್ಡ ಕಾಟ ಬೇರೆ ಬೇಕೆ? ಅವರ ಬಾಗಿಲು ದಾಟಿ, ಚಹಾ ಕುಡಿಯದೆ ಹೋದರೆ ಆ ಸುದ್ದಿ ನಮಗಿಂತ ಮೊದಲೇ ಬಸ್ಸು ಹತ್ತಿ ನಮ್ಮೂರು ಹಲವಾಗಲಿಗೆ ಬಂದಿರುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಜೂನಿಯರ್ ಪರೀಕ್ಷೆಯಲ್ಲಿ ನಾನು ಆಗಲೇ ಒಮ್ಮೆ ಫೇಲಾಗಿದ್ದೆ. ಈ ಸಲ ಪಾಸಾದರೆ ಬೆಳಗಿನ ಕ್ಲಾಸಿನ ಹೊಸಬರಿಗೆ ಕಲಿಸುವ ಕೆಲಸ ನನಗೇ ಎಂದು ಟೈಪಿಂಗ್ ಮಾಸ್ತರರು ಮಾತು ಕೊಟ್ಟಿದ್ದರು. ನನ್ನದೇ ಸಂಬಳ! ಧೈರ್ಯಕ್ಕಿರಲಿ ಎಂದು ಸೋದರತ್ತೆ ಜೊತೆಗೆ ಹೊರಟಳು.

"ಅತ್ತಿ, ಹತ್ತೂವರಿಗೆ ಪರೀಕ್ಷಿ ಐತಿ. ಸೀದಾ ಹೋಗಣ."

"ಒಂದು ಗುಟುಕು ಚಾ ಕುಡ್ಯಾಕ ಎಷ್ಟೊತ್ತು ಬೇಕಲೇ? ತಲಿ ಚುರುಕಾಗ್ತೈತಿ."

ಎಲ್ಲಿಯ ಗುಟುಕು? ಮನೆಗೊಂದು ತುಂಬಿದ ಲೋಟ. ಸುಳ್ಳೇಕೆ ಹೇಳಲಿ, ಮೊದಲನೆಯದಕ್ಕೆ ಕಣ್ಣಿನ ಮಂಪರು ಹಾರಿತು. ಎರಡನೆಯದಕ್ಕೆ ತಾಲ್ಲೂಕು ಕಚೇರಿಯ ಕಾಗದವನ್ನೆಲ್ಲ ನಾನೊಬ್ಬಳೇ ಟೈಪು ಮಾಡಿ ಬಿಸಾಕುವೆನೆನ್ನಿಸಿತು. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಮೂರನೆಯ ಮನೆಯಾಕೆ, "ಪರೀಕ್ಷಿಗೆ ಹೊಂಟಾಕಿ ಅಂತ ಡಬಲ್ ಪುಡಿ ಹಾಕೀನವ್ವ" ಎಂದಳು. ನಾಲ್ಕನೆಯದು ಮುಗಿಯುವಾಗ ಅಂಗೈ ಬೆವೆತು ಲೋಟ ಜಾರುತ್ತಿತ್ತು. ಐದನೆಯ ಮನೆಯಲ್ಲಿ ಕೈಮುಗಿದು ಒಲ್ಲೆನೆಂದೆ. ಅತ್ತೆ ನನ್ನ ತೊಡೆ ಚಿವುಟಿ, ಆ ಲೋಟವನ್ನೂ ತಾನೇ ಕುಡಿದಳು.

ಮಷಿನ್ ಮುಂದೆ ಕುಳಿತಾಗ ಅದರ ಸದ್ದಿಗಿಂತ ನನ್ನ ಎದೆಯ ಸದ್ದೇ ಜೋರು. ಬೆರಳುಗಳು ಕಣ್ಣಿಗಿಂತ ಮುಂದೆ ಓಡಿದವು. ಅಕ್ಷರದ ಕಡ್ಡಿಗಳು ಒಂದರ ಮೇಲೊಂದು ಬಿದ್ದು ಸಿಕ್ಕಿಕೊಂಡವು. ಬಿಡಿಸುವಷ್ಟರಲ್ಲಿ ಬೆರಳೆಲ್ಲ ಮಸಿ. ಅದರ ನಡುವೆ ಇನ್ನೊಂದು ಅವಸರ. ಎದ್ದು ನಿಂತೆ.

"ಎಲ್ಲಿಗೆ ತಂಗಿ?" ಎಂದರು ಕಾವಲಿದ್ದ ಮೇಷ್ಟ್ರು.

"ಒಂದಕ್ಕ ಸರ್..."

"ಹತ್ತು ನಿಮಿಷದ ಪರೀಕ್ಷಿ! ತಡಕೊಳ್ಳಾಕ ಆಗಲ್ಲೇನು? ಕುಂದ್ರು."

ಹಲ್ಲು ಕಚ್ಚಿ ಕುಳಿತೆ. ಇಡೀ ಕೋಣೆಯಲ್ಲಿ ಮೊದಲು ಮುಗಿಸಿದವಳು ನಾನೇ. ಹಿಗ್ಗುತ್ತಾ ಹಾಳೆ ನೋಡಿದರೆ ನಡುವೆ ಎರಡು ಸಾಲು ಇರಲೇ ಇಲ್ಲ!

ಮತ್ತೆ ಫೇಲು. ಚಹಾ ಕೈಗೆ ವೇಗ ಕೊಡುತ್ತದೆ, ಕಣ್ಣಿಗೆ ನಿಗಾ ಕೊಡುವುದಿಲ್ಲ ಎಂದು ಅತ್ತೆಗೆ ಬಗೆಬಗೆಯಾಗಿ ಹೇಳಿದೆ.

"ಚಾ ಏನ್ ಮಾಡ್ತು ಪಾಪ? ಐದನೇ ಮನ್ಯಾಗ ಒಲ್ಲೆ ಅಂದಿ ನೋಡು, ಆಕಿ ನೊಂದ್ಕೊಂಡ್ಲು. ಅದಕ್ಕ ಹಿಂಗಾತು."

ಇಂಥವಳಿಗೆ ಏನು ಹೇಳುತ್ತೀರಿ? ಆರು ತಿಂಗಳ ಬಳಿಕ ಅವಳಿಗೆ ಸುಳಿವೂ ಕೊಡದೆ, ಹಿಂದಿನ ಓಣಿಗಳಲ್ಲಿ ಸುತ್ತಿ ಹೋಗಿ, ಮನೆಯಲ್ಲಿ ಕುಡಿದ ಒಂದೇ ಲೋಟದ ಬಲದಲ್ಲಿ ಪಾಸಾದೆ. ಅಷ್ಟರಲ್ಲಿ ಬೆಳಗಿನ ಕ್ಲಾಸು ಬೇರೊಬ್ಬಳ ಕೈ ಸೇರಿತ್ತು. ನನಗೆ ಉಳಿದದ್ದು ಊಟದ ನಂತರದ್ದು. ಹತ್ತು ಹುಡುಗಿಯರು, ಹತ್ತು ಆಕಳಿಕೆ. ಮೂರು ದಿನ ಸಹಿಸಿ, ನಾಲ್ಕನೆಯ ದಿನ ನಾನೇ ಬಾಯಿಬಿಟ್ಟೆ:

"ಹೋಗ್ರೆ, ಅರ್ಧರ್ಧ ಚಾ ಕುಡುದು ಬರ್ರಿ. ಅರ್ಧದ ಮ್ಯಾಲೆ ಕುಡುದಾಕಿ ನನ್ನ ಮಷಿನ್ ಮುಟ್ಟಂಗಿಲ್ಲ!"