ಚಿಕ್ಕಮ್ಮನ ಎಡಭುಜ

ಹೋದ ವಾರ ಡಾಕ್ಟರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಭುಜವೊಂದನ್ನು ನನ್ನ ಮುಂದಿಟ್ಟರು. ಎರಡು ತಿಂಗಳಿಂದ ನನ್ನ ಬಲಗೈ ಮೇಲೇಳುತ್ತಿಲ್ಲ. ಬಾಚಿಕೊಳ್ಳುವಾಗ ಕೈಯಿದ್ದಲ್ಲಿಗೆ ತಲೆಯನ್ನೇ ಒಯ್ಯುತ್ತೇನೆ. ಡಾಕ್ಟರು ಬೆರಳಿಟ್ಟು ತೋರಿಸಿದರು: ತೋಳಿನ ಮೂಳೆಯ ತುದಿ ದೊಡ್ಡ ಗುಂಡು. ಅದು ಕೂರುವ ಬಟ್ಟಲೋ, ಅಂಗೈ ಗುಳಿಯಷ್ಟೂ ಆಳವಿಲ್ಲ. ಬೆನ್ನಿನ ಹಲಗೆಮೂಳೆಯಂತೂ ಪಕ್ಕೆಲುಬುಗಳ ಮೇಲೆ ತೇಲಿದಂತೆ ಸರಿದಾಡುತ್ತದೆ. ಮೇಲೆ ಚಾವಣಿಯಂಥ ಇನ್ನೊಂದು ಮೂಳೆ, ಅದರಡಿ ಕಿರುಬೆರಳೂ ತೂರದ ಸಂದು.

“ಇಷ್ಟು ಸಡಿಲ ಇರೋದಕ್ಕೇ ಕೈ ಎಲ್ಲಾ ಕಡೆ ತಿರುಗತ್ತೆ. ಜಾರೋದೂ ಅದಕ್ಕೇ. ನಿಮ್ಮದು ಬಿಗಿದುಕೊಂಡಿದೆ ಅಷ್ಟೆ,” ಎಂದರು.

ಜಾರುವುದು ಎಂದಾಗಲೇ ನಾನು ನ್ಯಾಮತಿಯಲ್ಲಿದ್ದೆ.

ಎಪ್ಪತ್ತರ ದಶಕದ ಕೊನೆ. ರಜೆಗೆಂದು ಅಲ್ಲಿನ ಅಜ್ಜಿಯ ಮನೆಗೆ ಹೋಗಿದ್ದ ನನಗೆ ಎಂಟು ವರ್ಷ. ಅಮ್ಮನ ತಂಗಿ ಗಿರಿಜಾ ಚಿಕ್ಕಮ್ಮ ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದವಳು; ಸೀರೆ ಒಣಹಾಕುವಾಗಲೂ ಚೆಂಡೆಸೆದಂತೆ ತೋಳು ಬೀಸುತ್ತಿದ್ದಳು. ಒಂದು ಬೆಳಿಗ್ಗೆ ಮೆಟ್ಟಿಲುಬಾವಿಯಲ್ಲಿ ಬಟ್ಟೆ ಒಗೆದು ಹೊರಟಾಗ, ಬರಲೊಲ್ಲೆನೆಂದು ಹಟ ಹಿಡಿದು ಆಕೆಯ ಎಡಗೈಗೆ ಜೋತುಬಿದ್ದೆ. ಏನೋ ಲಟಕ್ಕೆಂದಿತು. ದುಂಡಗಿದ್ದ ಭುಜ ಪೆಟ್ಟಿಗೆಯ ಮೂಲೆಯಂತೆ ಚೌಕವಾಯಿತು. ಮನೆಯಲ್ಲಿ ಚಿಕ್ಕಮ್ಮ, “ಪಾಚಿ ಮೇಲೆ ಜಾರಿಬಿದ್ದೆ ಅವ್ವ,” ಎಂದಳು. ನಾನು ಬಾಯಿ ಬಿಡಲಿಲ್ಲ.

ಬಸ್ಸಿನಲ್ಲಿ ಹೊನ್ನಾಳಿಗೆ ಹೋದೆವು. ಅಲ್ಲಿನ ವೈದ್ಯರು ಆಕೆಯನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, ಕೈ ಕೆಳಗೆ ಇಳಿಬಿಡಿಸಿ, ಮಣಿಕಟ್ಟಿಗೆ ಮರಳಿನ ಚೀಲ ಕಟ್ಟಿದರು. “ಎಳೀಬಾರ್ದು. ಸುಮ್ನೆ ಬಿಟ್ರೆ ಅದೇ ಮನೆ ಸೇರ್ಕೊಂತೈತೆ.” ನಾನು ಬೆಂಚಿನ ಕೆಳಗೆ ಕೂತು, ನೀರಿನಲ್ಲಿ ಇಳಿಬಿದ್ದಂತಿದ್ದ ಆ ಬೆರಳುಗಳನ್ನೇ ನೋಡುತ್ತಿದ್ದೆ. ಹೊರಗಿನ ಗದ್ದಲವೆಲ್ಲ ದೂರ ಸರಿಯಿತು. ಬಹಳ ಹೊತ್ತಾದ ಮೇಲೆ ಒಳಗೆಲ್ಲೋ ಟುಕ್ಕೆಂದಿತು. ಚಿಕ್ಕಮ್ಮ ನಿದ್ದೆಯಿಂದ ಎದ್ದವಳಂತೆ ನಕ್ಕಳು.

ಆಮೇಲೆ ಆ ಭುಜ ಆಗಾಗ ಜಾರತೊಡಗಿತು. ಅಟ್ಟದ ಡಬ್ಬಿಗೆ ಕೈ ಚಾಚಿದರೂ ಸಾಕು.

ಮೂರು ವರ್ಷದ ನಂತರ ಜಗಳೂರಿನಿಂದ ಗಂಡು ಬಂತು, ಬಸ್ ಕಂಡಕ್ಟರು. “ಭುಜದ ಸುದ್ದಿ ಎತ್ತಬ್ಯಾಡ,” ಎಂದು ಅಜ್ಜಿ ಹೇಳಿಯೇ ಇದ್ದರು. ಚಿಕ್ಕಮ್ಮ ಅವಲಕ್ಕಿ ತಟ್ಟೆ ಇಟ್ಟವಳೇ, “ನನ್ ಎಡಭುಜ ಜಾರ್ತೈತ್ರಿ. ಮದ್ವಿ ಆದ್ಮೇಲೆ ಗೊತ್ತಾಗೋದು ಬ್ಯಾಡ,” ಎಂದಳು. ಹುಡುಗನ ತಂದೆ ತಟ್ಟೆ ದೂರ ಸರಿಸಿದರು. ನನ್ನಿಂದಲೇ ಈ ಸಂಬಂಧ ತಪ್ಪಿತೆಂದು ಬಾಗಿಲ ಹಿಂದೆ ನಿಂತಿದ್ದ ನನಗೆ ಅನ್ನಿಸಿತು.

ಹುಡುಗ ಚಿಕ್ಕಮ್ಮನ ಕಡೆ ತಿರುಗಿದ. “ಜಾರಿದ್ರೆ ಕೂರ್ಸೋದು ಹೆಂಗೆ, ಅದನ್ನ ಹೇಳ್ಕೊಡ್ರಿ.”

ಮದುವೆಯಾಯಿತು. ನನ್ನ ತಪ್ಪು ಮಾತ್ರ ನನ್ನೊಳಗೇ ಉಳಿಯಿತು, ನಲವತ್ತು ವರ್ಷ.

ಡಾಕ್ಟರನ್ನು ಕಂಡ ದಿನದ ಸಂಜೆಯೇ ಜಗಳೂರಿಗೆ ಫೋನ್ ಮಾಡಿದೆ. “ಚಿಕ್ಕಮ್ಮ, ಅವತ್ತು ಬಾವಿ ಹತ್ರ ನಿನ್ ಕೈ ಜಗ್ಗಿದ್ದು ನಾನು.”

“ಜಗ್ಗಿದ್ದು ಖರೇ. ಆಮೇಲೆ ನಿನ್ ಕಾಲು ಜಾರಿ ನೀರಿನ ಕಡೆ ಹೋದಿ. ಅದು ನೆನಪಿಲ್ಲೇನು?”

“ಇಲ್ಲ.”

“ನಾನು ಕೈ ಬಿಟ್ಟಿದ್ರೆ ಭುಜ ನೆಟ್ಟಗಿರ್ತಿತ್ತು ಪುಟ್ಟಿ. ಹೇಳಿದ್ರೆ ಅವ್ವ ಮತ್ತೆ ನಿನ್ನ ನನ್ ಜೊತಿ ಕಳಿಸ್ತಿರ್ಲಿಲ್ಲ.”

ಫೋನಿಟ್ಟು ಕಿಟಕಿಯ ಬಳಿ ಕೂತೆ. ನಾನು ಎಳೆದದ್ದನ್ನಷ್ಟೇ ಇಷ್ಟು ವರ್ಷ ಕಾಪಾಡಿಕೊಂಡಿದ್ದೆ. ಈಗ, ಬಹಳ ನಿಧಾನವಾಗಿ, ನನ್ನ ಮಣಿಕಟ್ಟನ್ನು ಬಿಗಿದು ಹಿಡಿದಿದ್ದ ಐದು ಬೆರಳುಗಳು ನೆನಪಾದವು.