ಬಿ ಸೆಕ್ಷನ್ ಪಟ್ಟಿಯಲ್ಲಿದ್ದ ಪುಸ್ತಕ

“ಬಿ ಸೆಕ್ಷನ್ ಪಟ್ಟೀಲಿ ಆನೆ ಪುಸ್ತಕ ಐತೆ. ನಮ್ ಪಟ್ಟೀಲಿ ಯಾಕಿಲ್ಲ ಸಾರ್?”

ಕನಕಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ನುಗ್ಗಿ ಬಂದು ಹೀಗೆ ಕೇಳಿದವಳು ಎ ಸೆಕ್ಷನ್ನಿನ ಸವಿತಾ. ಅವಳ ಕೈಯಲ್ಲಿ ಎರಡೂ ಸೆಕ್ಷನ್ನಿನ ಪಟ್ಟಿಗಳಿದ್ದವು. ಪಕ್ಕದಲ್ಲಿದ್ದ ಮೇಷ್ಟ್ರುಗಳು ಟೀ ಲೋಟ ಕೆಳಗಿಟ್ಟರು.

ಹಾರೋಹಳ್ಳಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಪರಿಸರದ ಬಗ್ಗೆ ಎಲ್ಲರದೂ ಒಂದೇ ವಿಚಾರವಲ್ಲ ಎಂದು ಮಕ್ಕಳಿಗೆ ತಿಳಿಯಲೆಂದು ನಾನು ಓದಬೇಕಾದ ಪುಸ್ತಕಗಳ ಪಟ್ಟಿ ಮಾಡಿದ್ದೆ. ಕಾಡೆಂಬುದು ಪ್ರಾಣಿಗಳದ್ದು ಎನ್ನುವವರು, ಕಾಡಂಚಿನ ಜನರದ್ದೂ ಹೌದು ಎನ್ನುವವರು, ಕಾರ್ಖಾನೆಯೂ ಕಾಡೂ ಜೊತೆಗಿರಬಹುದು ಎನ್ನುವವರು ಎಲ್ಲರೂ ಅದರಲ್ಲಿದ್ದರು. ಆದರೆ ಆನೆಯ ದಾರಿಯನ್ನು ಆನೆಗೇ ಬಿಟ್ಟುಕೊಡಿ ಎಂದು ವಾದಿಸುವ ಪುಸ್ತಕವನ್ನು ಸವಿತಾಳ ಸೆಕ್ಷನ್ನಿನ ಪಟ್ಟಿಯಿಂದ ಮಾತ್ರ ತೆಗೆದಿದ್ದೆ. ಹಿಂದಿನ ಸುಗ್ಗಿಯಲ್ಲಿ ರಾಗಿ ಹೊಲ ಕಾಯುತ್ತಿದ್ದ ಅವಳ ತಂದೆಯನ್ನು ಆನೆ ತುಳಿದಿತ್ತು. ಆಮೇಲೆ ಅವರು ಎದ್ದು ಓಡಾಡಿರಲಿಲ್ಲ.

“ನಿನಗೆ ನೋವಾಗುತ್ತೆ ಅಂತ ತೆಗೆದೆನಮ್ಮ” ಎಂದೆ.

“ನೋವು ಮನೇಲೇ ಮಲಗೈತೆ ಸಾರ್. ಆ ಪುಸ್ತಕದೋರು ಏನ್ ಬರ್ದವ್ರೆ ಅಂತ ಓದ್ದೆ ನಾನು ಅವ್ರ ಜೊತೆ ಹೆಂಗೆ ಜಗಳ ಆಡ್ಲಿ?”

ನಾನು ಬೀರು ತೆಗೆದು ಆ ಪುಸ್ತಕವನ್ನು ಅವಳ ಕೈಗಿಟ್ಟೆ. ಅವಳು ಅಲ್ಲೇ ನಿಂತು ಮೊದಲ ಪುಟ ತೆರೆದಳು.

ಈಗಲೂ ಪಟ್ಟಿ ಮಾಡುವಾಗ, ಯಾರಿಗೋ ನೋವಾದೀತೆಂದು ಯಾವುದೋ ಒಂದು ಪುಸ್ತಕದ ಹತ್ತಿರ ನನ್ನ ಕೈ ನಿಲ್ಲುತ್ತದೆ. ಆಗ ಅದನ್ನೇ ಮೊದಲು ಬರೆಯುತ್ತೇನೆ.