ಕಂಬಳಿಗೆ ಬಿದ್ದ ಗುಂಡು

ಕಬ್ಬಿಣದ್ದು ಏನೇ ಕಣ್ಣಿಗೆ ಬಿದ್ದರೂ ದಫೇದಾರ್ ಮಾವ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಬಲಗಿವಿ ಒಡ್ಡಿ ಆಲಿಸುತ್ತಿದ್ದರು. ನಮ್ಮ ಮನೆ ಗೇಟು, ತೆಂಗಿನಕಾಯಿ ಲಾರಿಯ ಬಾಗಿಲು, ಬ್ಯಾಂಕಿನ ಬೀರು, ಯಾವುದನ್ನೂ ಬಿಟ್ಟವರಲ್ಲ. "ತೆಳ್ಳಗೈತೆ" ಎಂದು ಮುಖ ಸಿಂಡರಿಸಿ ಮುಂದೆ ಹೋಗುವರು. ಬಲಗಿವಿ ಎಂದು ನನ್ನ ನೆನಪು. ಎಡಗಿವಿ ಎನ್ನುತ್ತಾಳೆ ನನ್ನ ಹೆಂಡತಿ. ಇನ್ನೊಂದು ಕಿವಿ ಟ್ಯಾಂಕಿನ ಫಿರಂಗಿಯ ಸದ್ದಿಗೆ ಮಂದವಾಗಿತ್ತು ಎಂಬುದರಲ್ಲಿ ಮಾತ್ರ ನಮಗಿಬ್ಬರಿಗೂ ತಕರಾರಿಲ್ಲ.

ಹಿರಿಯೂರಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಕುರಿ ಸಾಕುವ ಮನೆತನದಿಂದ ಸೇನೆಗೆ ಹೋಗಿ, ಟ್ಯಾಂಕ್ ಓಡಿಸಿ, ದಫೇದಾರರಾಗಿ ನಿವೃತ್ತರಾದವರು. ಬೀದಿಗೆಲ್ಲ ದಫೇದಾರ್ ಮಾವ. ಯುದ್ಧದ ಕಥೆ ಕೇಳಲು ಬಂದವರಿಗೆ ನಿರಾಸೆ ಮಾಡುವುದೆಂದರೆ ಅವರಿಗೆ ಬಲು ಖುಷಿ.

"ಟ್ಯಾಂಕಿಗೆ ರೈಫಲ್ ಗುಂಡು ಬಡಿದ್ರೆ ಏನಾಗುತ್ತೆ ಮಾವ?"

"ಬಣ್ಣ ಹೋಗ್ತೈತೆ."

"ಒಳಗಿದ್ದೋರಿಗೆ?"

"ತಗಡಿನ ಮೇಲೆ ಆಲಿಕಲ್ಲು ಬಿದ್ದಂಗೆ ಕೇಳ್ತೈತೆ. ಟೀ ಇದ್ರೆ ಕುಡೀಬಹುದು. ತಲೆ ಹೊರಗಿಟ್ಟೋನು ಮಾತ್ರ ಕೆಟ್ಟ."

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೂ ಇದರಲ್ಲಿ ಅನುಮಾನವಿರಲಿಲ್ಲ. ಗುಂಡಿನೊಳಗಿನ ಸೀಸ ಮೆದು. ಅಷ್ಟು ದಪ್ಪದ ಉಕ್ಕಿಗೆ ಬಡಿದರೆ ಚಪ್ಪಟೆಯಾಗಿ, ಬೂದುಬಣ್ಣದ ಕಲೆ ಬಿಟ್ಟು ಉದುರುತ್ತದೆ. ಹೊರಗೆ ನೋಡುವ ಗಾಜು ಒಡೆದೀತು, ಆಂಟೆನಾ ಮುರಿದೀತು, ಮೇಲೆ ಕಟ್ಟಿದ ಸಾಮಾನು ಹಾಳಾದೀತು. ನಮ್ಮ ಜಗಳವಿದ್ದದ್ದು ಆ ಸಾಮಾನಿನ ಬಗ್ಗೆ.

ತಮ್ಮ ಅವ್ವ ನೂತ ಉಣ್ಣೆಯ ಕರಿಕಂಬಳಿಯೊಂದನ್ನು ಮಾವ ಮಡಿಸಿ ಟ್ಯಾಂಕಿನ ಹೊರಗೆ ಹಗ್ಗದಿಂದ ಬಿಗಿದಿದ್ದರಂತೆ. ಗುಂಡುಗಳು ಸುರಿದಾಗ ಟ್ಯಾಂಕಿಗೆ ಬಣ್ಣ ಹೋಯಿತು, ಕಂಬಳಿಗೆ ತೂತುಗಳು ಬಿದ್ದವು. ಆ ತೂತುಗಳನ್ನು ಮುಚ್ಚಲು ಅವರು ಯಾರಿಗೂ ಬಿಟ್ಟಿರಲಿಲ್ಲ.

"ಮಾವ, ಇದು ಹುಳ ತಿಂದಿರೋದು" ಎನ್ನುತ್ತಿದ್ದೆ.

"ಲೇ ಮೇಷ್ಟ್ರೇ, ಹುಳಕ್ಕೆ ಯಾರಪ್ಪ ಬಂದೂಕು ಕೊಟ್ಟೋರು?"

ಅವರ ಮೊಮ್ಮಗಳಿಗೆ ಮದಕರಿಪುರದ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಅವರಲ್ಲಿ ಮದುವೆಗೆ ಕಂಬಳಿ ಗದ್ದುಗೆ ಆಗಲೇಬೇಕು: ಕರಿಕಂಬಳಿ ಹಾಸಿ, ಅದರ ಮೇಲೆ ಅಕ್ಕಿಯಿಂದ ಗೆರೆ ಬರೆದು, ಪೂಜೆ ಮಾಡಿ ಹೆಣ್ಣು ಗಂಡನ್ನು ಕೂರಿಸುತ್ತಾರೆ. ಹುಡುಗಿ ಹಟ ಹಿಡಿದಳು. "ನಾನು ಕುಂತ್ಕಳೋದು ತಾತನ ಕಂಬಳಿ ಮೇಲೇ."

ಮದುವೆಯ ಹಿಂದಿನ ದಿನ ಗಂಡಿನ ಕಡೆಯ ಯಜಮಾನರೊಬ್ಬರು ಬಂದು, ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಹುಳ ಹಿಡಿದಿದ್ದನ್ನ ಗದ್ದುಗೆಗೆ ಹಾಸಂಗಿಲ್ಲ. ಬ್ಯಾರೆ ತರ್ರಿ."

ಎಲ್ಲರ ಬಾಯಿ ಮುಚ್ಚಿಸುತ್ತಿದ್ದ ಮಾವ ಕಂಬಳಿಯನ್ನು ವಾಪಸು ಇಸಿದುಕೊಂಡು ಮನೆಯೊಳಕ್ಕೆ ತಿರುಗಿದರು. ಹುಡುಗಿಯ ಕಣ್ಣು ತುಂಬಿತು. ಆಗ ನಾನು ಎದ್ದೆ. ("ನಾನು ಎಬ್ಬಿಸಿದೆ" ಎನ್ನುತ್ತಾಳೆ ನನ್ನ ಹೆಂಡತಿ.)

"ಮಡಿಸಿ ನೋಡಾಣ ತಡೀರಿ. ಹುಳ ಸಿಕ್ಕಸಿಕ್ಕಲ್ಲಿ ತಿನ್ನುತ್ತೆ. ಗುಂಡಾದ್ರೆ ಎಲ್ಲ ಮಡಿಕೆನೂ ನೆಟ್ಟಗೆ ದಾಟಿರ್ಬೇಕು."

ಮಾವ ನೆಲದಲ್ಲಿ ಕುಂತು, ಮೊಣಕಾಲಲ್ಲಿ ಅದುಮಿ, ಅಂದು ಬಿಗಿದಿದ್ದ ಹಾಗೆಯೇ ಮಡಿಸಿದರು. ನನ್ನ ಹೆಂಡತಿ ಸ್ವೆಟರ್ ಹೆಣೆಯುವ ಕಡ್ಡಿ ತಂದಳು. ಮೊದಲ ತೂತಿನಲ್ಲಿ ಕಡ್ಡಿ ಎರಡನೆಯ ಮಡಿಕೆಗೇ ಸಿಕ್ಕಿಕೊಂಡಿತು. ಇನ್ನೊಂದರಲ್ಲೂ ಅಷ್ಟೇ. ಯಜಮಾನರು ಕೆಮ್ಮಿದರು. ಮತ್ತೊಂದಕ್ಕೆ ತೂರಿಸಿದೆ, ಕಡ್ಡಿ ಸರಾಗವಾಗಿ ಇಳಿದು ಕೆಳಗೆ ಇಣುಕಿತು.

"ಒಂದು ಗುಂಡು" ಎಂದರು ಯಜಮಾನರು. "ಉಳಿದಿದ್ದೆಲ್ಲ ಹುಳ."

"ಎಲ್ಲಾ ಗುಂಡು ಅಂತ ನಾನ್ಯಾವಾಗ ಅಂದೆ?" ಎಂದರು ಮಾವ. ದಿನಾ ಅದನ್ನೇ ಕೇಳಿದ್ದ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಯಜಮಾನರೂ ನಕ್ಕರು.

"ಗುಂಡು ತಡಕಂಡು ಬಂದಿದ್ದಕ್ಕೆ ನಾನು ಬ್ಯಾಡ ಅನ್ನಲ್ಲ. ಆದ್ರೆ ತೂತಿರಂಗಿಲ್ಲ. ಉಣ್ಣೆ ದಾರ ಹಾಕಿ ಮುಚ್ಚಿಸ್ರಿ."

ಮಾವ ಆ ತೂತಿನಲ್ಲಿ ಒಮ್ಮೆ ಬೆರಳಾಡಿಸಿ, ಮೊಮ್ಮಗಳ ಮುಖ ನೋಡಿದರು. "ಎಲ್ರೂ ನೋಡಿದ್ರಲ್ಲ. ಮುಚ್ಚವ್ವ."

"ಎಲ್ಲಾನೂ, ತಾತ?"

"ಹುಳದ್ದು ಮೊದ್ಲು ಮುಚ್ಚು. ಮರ್ಯಾದೆ ಪ್ರಶ್ನೆ."

ಮಾರನೆಯ ದಿನ ಅವಳು ಅದೇ ಕಂಬಳಿಯ ಮೇಲೆ ಕುಳಿತಳು. ಮಾವ ಅಷ್ಟರಲ್ಲಿ ಗಂಡಿನವರು ತಂದ ಟ್ರಂಕನ್ನು ಬಡಿದು, "ತೆಳ್ಳಗೈತೆ" ಎಂದು ಬೀಗರ ಮುಂದೆಯೇ ಹೇಳಿಯಾಗಿತ್ತು.

ಮಾವ ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಮೊನ್ನೆ ಮದಕರಿಪುರಕ್ಕೆ ಹೋದಾಗ ಆ ಕಂಬಳಿಯ ಮೇಲೆ ಮೊಮ್ಮಗಳ ಕೂಸು ಮಲಗಿತ್ತು. ನನ್ನ ಬೆರಳು ತಾನಾಗಿ ಅಂಚಿನಲ್ಲಿ ತಡಕಾಡಿತು.

"ಏನ್ ಹುಡುಕ್ತೀರಿ ಮೇಷ್ಟ್ರೇ? ಎಲ್ಲಿ ಮುಚ್ಚಿದ್ದು ಅಂತ ಈಗ ನಂಗೇ ಗೊತ್ತಾಗಲ್ಲ" ಎಂದು ಅವಳು ನಕ್ಕಳು.

ಹಾಗಾಗಿ ಸಾಕ್ಷಿ ಕೇಳಿದರೆ ನನ್ನ ಹತ್ತಿರ ಏನೂ ಇಲ್ಲ. ಉಳಿದ ನೆನಪನ್ನೂ ಹೆಂಡತಿ ತಿದ್ದುತ್ತಿರುತ್ತಾಳೆ. ಒಂದನ್ನು ಮಾತ್ರ ತಿದ್ದಲಾರಳು, ಏಟು ಬಿದ್ದದ್ದು ನನ್ನ ತಲೆಗೆ. ಅಂದು ಕಡ್ಡಿ ಕೆಳಗೆ ಇಣುಕಿದೊಡನೆ ಮಾವ ಗೆಣ್ಣಿನಿಂದ ನನ್ನ ನೆತ್ತಿಗೆ ಎರಡು ಸಲ ಬಡಿದು, ಕಿವಿ ಒಡ್ಡಿ ಆಲಿಸಿ, "ದಪ್ಪಗೈತೆ!" ಎಂದರು. ಯಾವ ಕಿವಿ ಎಂದು ಕೇಳಬೇಡಿ.